ಗೋಡೆಯೊಳಗೆ ತಗಡು ಕೂರಿಸುವ ಕೆಲಸ: ಚಾವಣಿಯ ಅಂಚಿಗೆ ಕೌಂಟರ್ ಫ್ಲ್ಯಾಶಿಂಗ್

ಚಾವಣಿ ಗೋಡೆಗೆ ತಾಗುವ ಮೂಲೆ ಸೋರತೊಡಗಿದರೆ ನಮ್ಮ ಕೈ ಮೊದಲು ಹೋಗುವುದು ಸೀಲೆಂಟ್ ಟ್ಯೂಬಿಗೆ. ನಾನೂ ಅದನ್ನೇ ಮಾಡಿದವನು. ತಗಡಿನ ಮೇಲಂಚಿಗೂ ಗೋಡೆಗೂ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದು, ಬೆರಳಲ್ಲಿ ಸವರಿ, ಇನ್ನು ಸೋರಲ್ಲ ಬಿಡು ಅಂದುಕೊಂಡು ಏಣಿ ಇಳಿದಿದ್ದೆ. ಒಂದು ಬೇಸಿಗೆ ಕಳೆದು ಹತ್ತಿ ನೋಡಿದರೆ ಸೀಲೆಂಟ್ ಗೋಡೆಯನ್ನು ಬಿಟ್ಟು ತಗಡಿಗಷ್ಟೇ ಅಂಟಿಕೊಂಡು ಕೂತಿತ್ತು. ನಡುವೆ ಉಗುರು ತೂರುವಷ್ಟು ಸಂದು. ಗೋಡೆಯ ಮೇಲಿಂದ ಇಳಿದು ಬಂದ ನೀರಿಗೆ ನಾನೇ ಕೈಯಾರೆ ಒಂದು ಆಲಿಕೆ ಮಾಡಿಕೊಟ್ಟಂತಾಗಿತ್ತು.

ಅಂಟು ಸಡಿಲವಾದರೂ ನೀರು ಒಳಗೆ ಹೋಗದ ಹಾಗೆ ತಗಡಿನ ಆಕಾರವೇ ಇರಬೇಕು. ಅದಕ್ಕೆ ತಗಡಿನ ಮೇಲಂಚು ಗೋಡೆಯ ಮೈಗೆ ಅಂಟಿಕೊಂಡರೆ ಸಾಲದು, ಗೋಡೆಯ ಒಳಕ್ಕೆ ಹೋಗಿ ಕೂರಬೇಕು. ಈ ಬರಹದಲ್ಲಿರುವುದು ಆ ಕೆಲಸದ ಕ್ರಮ.

ಎರಡು ತಗಡು ಯಾಕೆ?

ಚಾವಣಿಯ ಕಡೆಯಿಂದ ಮೇಲೆದ್ದು ಗೋಡೆಗೆ ಒರಗಿ ನಿಲ್ಲುವ ಪದರ ಬೇಸ್ ಫ್ಲ್ಯಾಶಿಂಗ್. ಅದು ತಗಡೇ ಆಗಿರಬೇಕಿಲ್ಲ, ಸಮತಟ್ಟು ಚಾವಣಿಗಳಲ್ಲಿ ವಾಟರ್‌ಪ್ರೂಫಿಂಗ್ ಮೆಂಬ್ರೇನನ್ನೇ ಗೋಡೆಗೆ ಹತ್ತಿಸಿರುತ್ತಾರೆ. ಅದರ ಮೇಲಂಚು ತೆರೆದ ಬಾಯಿ. ಗೋಡೆಯೊಳಗಿನಿಂದ ಹೊರಟು ಆ ಬಾಯಿಯನ್ನು ಮುಚ್ಚಿಕೊಂಡು ಕೆಳಗೆ ಇಳಿಬಿಡುವ ತಗಡು ಕೌಂಟರ್ ಫ್ಲ್ಯಾಶಿಂಗ್. ರೇನ್‌ಕೋಟಿನ ಜೇಬಿನ ಮೇಲೆ ಒಂದು ಮುಚ್ಚಳ ಇರುತ್ತದಲ್ಲ, ಹಾಗೆ. ಮುಚ್ಚಳವನ್ನು ಯಾರೂ ಜೇಬಿಗೆ ಹೊಲಿಯುವುದಿಲ್ಲ.

ಇಲ್ಲೂ ಹೊಲಿಯಬಾರದು. ಚಾವಣಿ ಒಂದು ರೀತಿ ಹಿಗ್ಗಿ ಕುಗ್ಗುತ್ತದೆ, ಗೋಡೆ ಇನ್ನೊಂದು ರೀತಿ. 3 ಮೀಟರ್ ಉದ್ದದ ಅಲ್ಯೂಮಿನಿಯಂ ತಗಡು 50 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 3.5 ಮಿ.ಮೀ. ಉದ್ದವಾಗುತ್ತದೆ, ತಾಮ್ರ 2.5, ಉಕ್ಕು 2ಕ್ಕಿಂತ ಸ್ವಲ್ಪ ಕಡಿಮೆ. ಬಿಸಿಲಿಗೆ ಒಡ್ಡಿಕೊಂಡ ತಗಡಿಗೆ ಹಗಲು ರಾತ್ರಿಯ ನಡುವೆ ಅಷ್ಟು ವ್ಯತ್ಯಾಸ ದೊಡ್ಡದೇನಲ್ಲ. ಎರಡೂ ಪದರಗಳನ್ನು ಸೇರಿಸಿ ಒಂದು ಸ್ಕ್ರೂ ಹೊಡೆದಿರಿ ಅಂದರೆ ದಿನಾ ಆ ತೂತು ಚೂರು ಚೂರೇ ಅಗಲವಾಗುತ್ತ ಹೋಗುತ್ತದೆ. ಗಾಳಿಗೆ ಪಟಪಟ ಅನ್ನುತ್ತೆ ಅಂತ ಸ್ಕ್ರೂ ಹೊಡೆದ ಚಾವಣಿಗಳನ್ನು ಕಂಡಿದ್ದೇನೆ. ಪಟಪಟ ಅನ್ನುವುದಕ್ಕೆ ಮದ್ದು ಬೇರೆ ಇದೆ, ಮಡಿಕೆಯ ಕೋನ. ಅದಕ್ಕೆ ಆಮೇಲೆ ಬರೋಣ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ಕೌಂಟರ್ ಫ್ಲ್ಯಾಶಿಂಗಿಗೂ ಒಂದು ಮಿತಿ ಇದೆ. ಗೋಡೆಯ ಹೊರಮೈ ಮೇಲೆ ಜಾರಿ ಬರುವ ನೀರನ್ನು ಅದು ಆಚೆ ತಳ್ಳುತ್ತದೆ. ಆದರೆ ಪ್ಯಾರಾಪೆಟ್ಟಿನ (ಚಾವಣಿಯ ಅಂಚಿನ ಗಿಡ್ಡ ಗೋಡೆಯ) ತಲೆ ಬಿರುಕು ಬಿಟ್ಟು, ನೀರು ಇಟ್ಟಿಗೆಯ ಒಡಲೊಳಗೇ ಇಳಿಯುತ್ತಿದ್ದರೆ, 25 ಮಿ.ಮೀ. ಒಳಗೆ ಕೂತ ತಗಡಿನ ಹಿಂಬದಿಯಿಂದ ಅದು ಸಲೀಸಾಗಿ ದಾಟಿ ಕೆಳಗೆ ಹೋಗುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಗೋಡೆಯೊಳಗೆ ಬಂದ ನೀರು ಮನೆಯೊಳಗೂ ಬಂದೇ ಬರುತ್ತದೆ. ಅಂಥ ಕಡೆ ಮೊದಲು ಪ್ಯಾರಾಪೆಟ್ಟಿನ ತಲೆ ಸರಿಮಾಡಬೇಕು. ತೀರಾ ಪಸೆ ಹಿಡಿದ ಗೋಡೆಯಾದರೆ ಗೋಡೆಯ ಪೂರ್ತಿ ದಪ್ಪಕ್ಕೂ ಹಾಯುವ ಪದರ ಬೇಕು, ಅದು ಇಟ್ಟಿಗೆ ಬಿಚ್ಚಿ ಕಟ್ಟುವ ಕೆಲಸ.

ಪತ್ತೆ ಹಚ್ಚಲು ಒಂದು ನೀರಿನ ಪೈಪು ಸಾಕು. ಒಣ ದಿನ ನೋಡಿ, ಚಾವಣಿಯ ಮಟ್ಟದಿಂದ ಶುರು ಮಾಡಿ. ಅಲ್ಲಿ 10–15 ನಿಮಿಷ ನೀರು ಹರಿಸಿ, ಒಳಗೊಬ್ಬರು ನೋಡುತ್ತಿರಲಿ. ಏನೂ ಕಾಣದಿದ್ದರೆ ಒಂದಡಿ ಮೇಲೆ ಹೋಗಿ. ಕೆಳಗಿನಿಂದ ಮೇಲಕ್ಕೇ ಹೋಗಬೇಕು. ಮೇಲಿಂದ ಬಿಟ್ಟರೆ ನೀರು ಎಲ್ಲ ಜಾಗವನ್ನೂ ಒಟ್ಟಿಗೆ ತೋಯಿಸಿ, ಕಳ್ಳ ಯಾರು ಅಂತ ಗೊತ್ತಾಗದೆ ಹೋಗುತ್ತದೆ.

ಜೊತೆಗೇ ಬೇಸ್ ಫ್ಲ್ಯಾಶಿಂಗ್ ಎಷ್ಟು ಎತ್ತರಕ್ಕಿದೆ ಎಂದೂ ಅಳೆಯಿರಿ. ಸಮತಟ್ಟು ಚಾವಣಿಯಲ್ಲಿ ಸಿದ್ಧಗೊಂಡ ಮೇಲ್ಮೈಯಿಂದ 200 ಮಿ.ಮೀ. ಎತ್ತರ ಇರಬೇಕೆಂಬುದು ರೂಢಿಯ ಲೆಕ್ಕ. ಅದೇ ಕುಳ್ಳಾಗಿದ್ದು, ಮಳೆನೀರು ಕಟ್ಟಿ ನಿಂತಾಗ ಬಾಯಿಯ ತನಕ ಬರುವಂತಿದ್ದರೆ ಮೇಲೆ ಎಂಥ ಚಂದದ ತಗಡು ಹಾಕಿದರೂ ಪ್ರಯೋಜನವಿಲ್ಲ.

ಯಾವ ಲೋಹ

ಜಿಐ, ಅಂದರೆ ಸತುವಿನ ಲೇಪದ ಉಕ್ಕಿನ ತಗಡು ಕೈಗೆ ಸುಲಭ, ಬೆಸುಗೆಗೂ ಒಗ್ಗುತ್ತದೆ. 0.6 ಮಿ.ಮೀ. ಸುಮಾರಿನದು ಸಾಕು. ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ, ಆದರೆ ಹಸಿ ಸಿಮೆಂಟ್ ಗಾರೆಯ ಕ್ಷಾರ ಅದನ್ನು ತಿನ್ನುತ್ತದೆ. ಗಾರೆಗೆ ತಾಗುವ ಭಾಗಕ್ಕೆ ಬಿಟುಮಿನ್ ಬಣ್ಣ ಬಳಿಯದೆ ಹಾಕಬೇಡಿ. ತಾಮ್ರ, ಸ್ಟೇನ್‌ಲೆಸ್ ಸ್ಟೀಲ್ ಎರಡೂ ದೀರ್ಘಾಯುಷಿಗಳು. ಸೀಸ ಮೃದು; ಹಳೆಯ ಕಲ್ಲಿನ ಗೋಡೆಯ ಏರುತಗ್ಗಿಗೆ ಬಡಿದು ಒಗ್ಗಿಸಲು ಅದರಷ್ಟು ಸಲೀಸು ಬೇರಿಲ್ಲ. ಆದರೆ 1.5 ಮೀಟರಿಗಿಂತ ಉದ್ದದ ತುಂಡು ಹಾಕಿದರೆ ಹಿಗ್ಗಿ ಕುಗ್ಗಿ ಬಿರಿಯುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಚಾವಣಿಯ ನೀರನ್ನು ಕುಡಿಯಲು ಹಿಡಿದಿಡುವ ಕಡೆ ಸೀಸ ಬೇಡವೇ ಬೇಡ.

ಎರಡು ಲೋಹ ಒಂದೇ ಕಡೆ ಸೇರುವಾಗ ಎಚ್ಚರ. ತಾಮ್ರದ ಮೇಲೆ ಹರಿದ ನೀರು ಕೆಳಗಿನ ಜಿಐ ಅಥವಾ ಅಲ್ಯೂಮಿನಿಯಂ ಮೇಲೆ ಬಿದ್ದರೂ ಸಾಕು, ಅದನ್ನು ಕೊರೆಯುತ್ತದೆ, ತಾಗಿಕೊಂಡೇ ಇರಬೇಕೆಂದಿಲ್ಲ. ಹಾಗಾಗಿ ಕೆಳಗಿನ ಬೇಸ್ ಫ್ಲ್ಯಾಶಿಂಗ್, ನೀರಿನ ದೋಣಿ ಯಾವ ಲೋಹದ್ದೋ ಮೇಲಿನದೂ ಅದೇ ಇರಲಿ. ಮೊಳೆ, ರಿವೆಟ್ಟುಗಳೂ ಅದೇ ಕುಲದವಾಗಿರಲಿ.

ತಗಡು ಮಡಿಸುವುದು

ತಗಡಿನ ಅಡ್ಡಕೊಯ್ತ ನಾಲ್ಕು ಭಾಗದ್ದು. ಗೋಡೆಯೊಳಗೆ ಹೋಗುವ ಕಾಲು; ಆ ಕಾಲಿನ ಹಿಂದಿನ ತುದಿಯಲ್ಲಿ ಮೇಲಕ್ಕೆ ಮತ್ತು ಹೊರಕ್ಕೆ ವಾಲುವಂತೆ ಮಡಚಿದ ಕೊಕ್ಕೆ; ಕೆಳಗೆ ಇಳಿಬಿಡುವ ಮುಖ; ಮುಖದ ತುದಿಗೆ ಒಳಮಡಿಕೆ. ಲೆಕ್ಕ ಹೇಗೆಂದರೆ, ಬೇಸ್ ಫ್ಲ್ಯಾಶಿಂಗಿನ ತಲೆ ಚಾವಣಿಯಿಂದ 200 ಮಿ.ಮೀ. ಮೇಲಿದೆ, ಅದಕ್ಕಿಂತ ಸ್ವಲ್ಪ ಮೇಲಿರುವ ಇಟ್ಟಿಗೆ ಸಂದು 230ರಲ್ಲಿ ಸಿಕ್ಕಿತು ಅನ್ನಿ. ಮೇಲಿನ ತಗಡು ಕೆಳಗಿನದನ್ನು 100 ಮಿ.ಮೀ.ನಷ್ಟು ಮುಚ್ಚಬೇಕು. ಹಾಗಾದರೆ ಮುಖ 130. ಕಾಲು 25, ಕೊಕ್ಕೆ 8, ಒಳಮಡಿಕೆ 12. ಒಟ್ಟು 175 ಮಿ.ಮೀ. ಅಗಲದ ಪಟ್ಟಿ. ನಿಮ್ಮ ಗೋಡೆಯಲ್ಲಿ ಸಂದು ಎಲ್ಲಿ ಸಿಗುತ್ತದೋ ಅದರ ಮೇಲೆ ಮುಖದ ಅಳತೆ ಬದಲಾಗುತ್ತದೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ.

ಕೊಕ್ಕೆಗೆ ಎರಡು ಕೆಲಸ. ಕಾಲನ್ನು ಗೋಡೆಯ ಸಂದಿಗೆ ತಳ್ಳಿದಾಗ ಅದು ಸ್ಪ್ರಿಂಗಿನಂತೆ ಮೇಲಿನ ಇಟ್ಟಿಗೆಗೆ ಒತ್ತಿ ಹಿಡಿಯುತ್ತದೆ. ಸೀಲೆಂಟ್ ಕೈಕೊಟ್ಟು ಒಂದಿಷ್ಟು ನೀರು ಕಾಲಿನ ಮೇಲೆ ಬಂದರೆ, ಹಿಂದಕ್ಕೆ ಹೋಗದಂತೆ ಒಂದು ಪುಟ್ಟ ಬದುವಿನ ಹಾಗೆ ತಡೆಯುತ್ತದೆ. ಮುಖದ ತುದಿಯ ಒಳಮಡಿಕೆಯಿಂದ ಅಂಚು ಗಟ್ಟಿಯಾಗುತ್ತದೆ, ಕೈ ಕೊಯ್ಯುವುದಿಲ್ಲ. ಆ ತುದಿಯನ್ನು ಒಂದು ಚೂರು ಹೊರಕ್ಕೆ ಒದ್ದಂತೆ ಬಾಗಿಸಿದರೆ ನೀರಿನ ಹನಿ ಹಿಂದಕ್ಕೆ ಹರಿಯದೆ ಅಲ್ಲೇ ಕಳಚಿ ಬೀಳುತ್ತದೆ.

ಪಟಪಟ ಅನ್ನುವ ಗೋಳಿಗೆ ಮದ್ದೂ ಇಲ್ಲೇ. ಕಾಲಿಗೂ ಮುಖಕ್ಕೂ ನಡುವಿನ ಮಡಿಕೆಯನ್ನು ನೇರ 90 ಡಿಗ್ರಿಗೆ ನಿಲ್ಲಿಸದೆ ಇನ್ನೊಂದು ಐದಾರು ಡಿಗ್ರಿ ಜಾಸ್ತಿ ಮಡಿಸಿ. ಕೂರಿಸಿದಾಗ ಮುಖ ತಾನಾಗಿ ಗೋಡೆಯ ಕಡೆ ಒರಗಲು ನೋಡುತ್ತದೆ, ಕೆಳಗಿನ ಪದರವನ್ನು ಮೆಲ್ಲಗೆ ಒತ್ತಿಕೊಂಡಿರುತ್ತದೆ. ಸ್ಕ್ರೂ ಬೇಕಾಗುವುದೇ ಇಲ್ಲ.

3 ಮೀಟರಿಗಿಂತ ಉದ್ದದ ತುಂಡು ಮಾಡಬೇಡಿ. ಒಬ್ಬನೇ ಕೆಲಸ ಮಾಡುವುದಾದರೆ 2 ಮೀಟರೇ ವಾಸಿ. ಬಣ್ಣದ ಅಥವಾ ಸತುವಿನ ಲೇಪದ ತಗಡನ್ನು ಗ್ರೈಂಡರಿನಲ್ಲಿ ಕೊಯ್ಯಬೇಡಿ, ಕತ್ತರಿ ಬಳಸಿ. ಗ್ರೈಂಡರಿನ ಕಿಡಿ ಅಂಚಿನ ಲೇಪವನ್ನು ಸುಡುತ್ತದೆ, ಅಲ್ಲಿಂದಲೇ ತುಕ್ಕು ಶುರು.

ಗೋಡೆ ಕೊರೆಯುವುದು

ಕೆಲಸದ ಮುಕ್ಕಾಲು ಭಾಗ ಇಲ್ಲೇ ಇದೆ.

ಮೊದಲು ಚಾವಣಿಗೆ ಪ್ಲೈವುಡ್ ಹಲಗೆ, ಅದರ ಮೇಲೆ ದಪ್ಪ ಟಾರ್ಪಾಲು ಹಾಸಿ. ಕೊರೆದ ಗಾರೆಯ ಹರಳು ಬೂಟಿನಡಿ ಸಿಕ್ಕಿ ಮೆಂಬ್ರೇನನ್ನು ತೂತು ಮಾಡುತ್ತದೆ. ಒಂದು ಸೋರಿಕೆ ಮುಚ್ಚಲು ಹೋಗಿ ಹತ್ತು ಮಾಡಿಕೊಂಡ ಹಾಗೆ.

ಇಟ್ಟಿಗೆ ಗೋಡೆಯಲ್ಲಿ ಕೊರೆಯಬೇಕಾದ್ದು ಅಡ್ಡ ಗಾರೆಸಂದನ್ನು, ಇಟ್ಟಿಗೆಯನ್ನಲ್ಲ. ಒಂದು ವರಸೆಯ ಸಂದನ್ನು ಆರಿಸಿ, ಬಣ್ಣದ ದಾರ ಬಡಿದು ಗೆರೆ ಹಾಕಿ. ಗಾರೆ ತಗ್ಗುಮಿಗ್ಗಾಗಿದ್ದರೆ ರಸಮಟ್ಟದ ಮಾತು ಕೇಳಬೇಡಿ, ಸಂದು ಹೋದ ದಾರಿಯಲ್ಲೇ ಹೋಗಿ. ಸುಟ್ಟ ಇಟ್ಟಿಗೆಯ ಹೊರಮೈ ಗಟ್ಟಿ, ಒಳಗು ಮೆದು. ಆ ಹೊರಮೈ ಕೊಯ್ದರೆ ಒಳಗು ನೀರು ಹೀರುತ್ತದೆ.

ಗಾರೆಸಂದು ಸಾಮಾನ್ಯವಾಗಿ 10 ಮಿ.ಮೀ. ಸುಮಾರು ಇರುತ್ತದೆ. ಡೈಮಂಡ್ ಬ್ಲೇಡ್ ಹಾಕಿದ ಚಿಕ್ಕ ಆ್ಯಂಗಲ್ ಗ್ರೈಂಡರ್ ಸಾಕು. ಎರಡು ಕೊಯ್ತ ಹಾಕಿ, ಒಂದು ಸಂದಿನ ಮೇಲಂಚಿಗೆ, ಒಂದು ಕೆಳಂಚಿಗೆ. ನಡುವೆ ಉಳಿದ ಗಾರೆಯನ್ನು ತೆಳು ಉಳಿಯಿಂದ ಎಬ್ಬಿಸಿ. ಗಾರೆ ಕೆರೆಯಲೆಂದೇ ಬರುವ 6 ಮಿ.ಮೀ. ದಪ್ಪದ ಬ್ಲೇಡಾದರೆ ಒಂದೇ ಕೊಯ್ತಕ್ಕೆ ಮುಗಿಯುತ್ತದೆ, ಆದರೆ ಕೈಗೆ ಒದೆತ ಜಾಸ್ತಿ. ನನಗೆ ಎರಡು ತೆಳು ಕೊಯ್ತವೇ ಇಷ್ಟ. ನಿಧಾನವಾದರೂ ಇಟ್ಟಿಗೆಯ ಅಂಚು ಉಳಿಯುತ್ತದೆ. ಸುಣ್ಣದ ಗಾರೆಯ ಹಳೇ ಗೋಡೆಯಲ್ಲಿ ಗ್ರೈಂಡರ್ ಎತ್ತಲೇಬೇಡಿ. ಅಲ್ಲಿ ಗಾರೆ ಎಷ್ಟು ಮೆದುವೆಂದರೆ ಉಳಿಯೇ ಸಾಕು, ಗ್ರೈಂಡರ್ ಜಾರಿದರೆ ಹೋಗುವುದು ಇಟ್ಟಿಗೆಯ ಮೂಗು.

ಆಳ 30 ಮಿ.ಮೀ. 25ರ ಕಾಲು ಪೂರ್ತಿ ಒಳಗೆ ಹೋಗಿ, ಹಿಂದೆ ಐದು ಮಿ.ಮೀ. ಸಡಿಲ ಉಳಿಯಬೇಕಲ್ಲ. ಬ್ಲೇಡಿನ ಮೇಲೆ ಮಾರ್ಕರಿನಲ್ಲಿ ಗುರುತು ಹಾಕಿದರೆ ತಿರುಗುವಾಗ ಕಾಣುವುದಿಲ್ಲ. ಗಾರ್ಡಿಗೆ ಒಂದು ಮರದ ತುಂಡು ಬಿಗಿದು ಆಳಕ್ಕೆ ತಡೆ ಮಾಡಿಕೊಳ್ಳಿ. ಟೊಳ್ಳು ಕಾಂಕ್ರೀಟ್ ಬ್ಲಾಕಿನ ಮುಂಬದಿಯ ದಪ್ಪವೇ 32 ಮಿ.ಮೀ. ಆಸುಪಾಸು, ಅಲ್ಲಿ 25ಕ್ಕೆ ನಿಲ್ಲಿಸಿ ಕಾಲನ್ನು 20ಕ್ಕೆ ಇಳಿಸಿ. ಆರ್‌ಸಿಸಿ ಗೋಡೆಯಾದರೆ ಕಂಬಿ ಎಲ್ಲಿದೆ ಎಂದು ಡಿಟೆಕ್ಟರಿನಿಂದ ನೋಡದೆ ಮುಟ್ಟಬಾರದು. ಅರ್ಧ ಇಟ್ಟಿಗೆಯ ತೆಳು ಗೋಡೆಯಲ್ಲಿ 30 ಮಿ.ಮೀ. ಅಂದರೆ ಗೋಡೆಯ ಕಾಲು ಭಾಗ. ಅದನ್ನು ಉದ್ದಕ್ಕೆ ಒಂದೇ ಸಲ ಕೊರೆಯದೆ ಒಂದೊಂದು ಮೀಟರ್ ಕೊರೆದು, ತಗಡು ಕೂರಿಸಿ, ಬೆಣೆ ಹೊಡೆದು ಮುಂದೆ ಹೋಗಿ. ಅದೇ ಎತ್ತರದಲ್ಲಿ ಗೋಡೆಯ ಇನ್ನೊಂದು ಬದಿಯನ್ನೂ ಕೊರೆಯಬೇಡಿ.

ಪ್ಲಾಸ್ಟರ್ ಮಾಡಿದ ಗೋಡೆಯ ಕತೆ ಬೇರೆ. ನಾನು ಎರಡನೇ ಸಲ ಸೋತದ್ದು ಅಲ್ಲೇ. 25 ಮಿ.ಮೀ. ಕೊರೆದಿದ್ದೆ, ಅಳತೆ ಸರಿಯಿತ್ತು, ತಗಡೂ ಬಿಗಿಯಾಗಿ ಕೂತಿತ್ತು. ಅದರಲ್ಲಿ 20 ಮಿ.ಮೀ. ಬರೀ ಪ್ಲಾಸ್ಟರ್ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾರನೇ ವರ್ಷ ಪ್ಲಾಸ್ಟರ್ ಉಬ್ಬಿ ಬಿಟ್ಟುಕೊಂಡಾಗ ತಗಡನ್ನೂ ಕಚ್ಚಿಕೊಂಡೇ ಬಂತು, ಒಂದೂವರೆ ಮೀಟರ್ ಉದ್ದದ ಚಕ್ಕೆ, ಬಾಳೆಸಿಪ್ಪೆ ಸುಲಿದ ಹಾಗೆ. ಅದರ ಹಿಂದೆ ಇಟ್ಟಿಗೆ ಕಪ್ಪಗೆ ನೆಂದಿತ್ತು. ಆಳವನ್ನು ಇಟ್ಟಿಗೆಯ ಮೈಯಿಂದ ಅಳೆಯಬೇಕು, ಪ್ಲಾಸ್ಟರಿನ ಮೈಯಿಂದಲ್ಲ. ಸರಿಯಾದ ಕ್ರಮವೆಂದರೆ, ತಗಡು ಬರುವ ಜಾಗದಲ್ಲಿ ಒಂದು ಗೇಣಿನಷ್ಟು ಎತ್ತರದ ಪ್ಲಾಸ್ಟರ್ ಪಟ್ಟಿಯನ್ನು ಪೂರ್ತಿ ಕಿತ್ತು, ಇಟ್ಟಿಗೆ ಕಾಣಿಸಿ, ಸಂದು ಹುಡುಕಿ ಕೊರೆಯುವುದು. ತಗಡು ಕೂತ ಮೇಲೆ ಹೊಸ ಪ್ಲಾಸ್ಟರನ್ನು ತಗಡಿನ ಮೇಲ್ಗಡೆ ಮಾತ್ರ ಮಾಡಿ, ಅದರ ಕೆಳ ಅಂಚು ತಗಡಿಗೆ ತಾಗದಂತೆ ಹತ್ತು ಮಿ.ಮೀ. ಬಿಟ್ಟು ನಿಲ್ಲಿಸಿ. ಹಾಗೆ ಬಿಟ್ಟರೆ ಪ್ಲಾಸ್ಟರಿನ ಹಿಂದೆ ಇಳಿದ ನೀರಿಗೂ ತಗಡಿನ ಮೇಲೆ ಬಂದು ಹೊರಹೋಗಲು ದಾರಿ ಸಿಗುತ್ತದೆ.

ಧೂಳಿನ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಇಟ್ಟಿಗೆ, ಗಾರೆ, ಕಾಂಕ್ರೀಟಿನಲ್ಲಿ ಸಿಲಿಕಾ ಇರುತ್ತದೆ. ಕೊರೆದಾಗ ಏಳುವ ಕಣ್ಣಿಗೆ ಕಾಣದ ನುಣುಪು ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ, ಸಿಲಿಕೋಸಿಸ್ ಬರುವುದು ಹಾಗೆಯೇ. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡರೆ ಅದು ಸಮಾಧಾನಕ್ಕೆ ಅಷ್ಟೆ. ಕನಿಷ್ಠ ಎನ್95 ಮಾಸ್ಕ್, ಅದೂ ಗಡ್ಡದ ಮೇಲೆ ಸಡಿಲ ಕೂರದಂತೆ. ಗ್ರೈಂಡರಿಗೆ ಧೂಳು ಎಳೆಯುವ ಕವಚ, ವ್ಯಾಕ್ಯೂಮ್ ಹಾಕಿದರೆ ಇನ್ನೂ ಒಳ್ಳೆಯದು. ನೀರು ಹಾಕಿ ಕೊಯ್ಯುವುದಾದರೆ ಅದಕ್ಕೆಂದೇ ಮಾಡಿದ ಯಂತ್ರ ಬೇಕು. ಸಾದಾ ವಿದ್ಯುತ್ ಗ್ರೈಂಡರಿಗೆ ನೀರು ತಾಗಿಸಬೇಡಿ. ಕನ್ನಡಕ, ಕಿವಿಗೆ ರಕ್ಷಣೆ, ಗಾರ್ಡ್ ಬಿಚ್ಚದ ಗ್ರೈಂಡರ್, ಎರಡೂ ಕೈ. ಏಣಿಯ ಮೇಲೆ ನಿಂತು ಭುಜಕ್ಕಿಂತ ಮೇಲೆ ಕೊರೆಯಬೇಡಿ. ಅಂಚಿನಲ್ಲಿ ಕೆಲಸವಿದ್ದರೆ ಹಾರ್ನೆಸ್ ಕಟ್ಟಿಕೊಳ್ಳಿ.

ಕೊರೆದಾದ ಮೇಲೆ ಸಂದನ್ನು ಬ್ರಷ್ಷಿನಿಂದ ಉಜ್ಜಿ, ವ್ಯಾಕ್ಯೂಮಿನಿಂದ ಎಳೆದು, ಒಂದು ಒದ್ದೆ ಬ್ರಷ್ ಆಡಿಸಿ, ಪೂರ್ತಿ ಒಣಗಲು ಬಿಡಿ. ಬೆರಳು ತೂರಿಸಿ ಎಳೆದು ನೋಡಿ. ತುದಿಗೆ ಬಿಳಿ ಪುಡಿ ಹತ್ತಿದರೆ ಇನ್ನೊಂದು ಸಲ. ಸೀಲೆಂಟ್ ಧೂಳಿಗೆ ಅಂಟುತ್ತದೆ, ಧೂಳು ಗೋಡೆಗೆ ಅಂಟಿರುವುದಿಲ್ಲ.

ಕೂರಿಸುವುದು

ಏನನ್ನೂ ಅಂಟಿಸದೆ ಎಲ್ಲ ತುಂಡುಗಳನ್ನೂ ಒಮ್ಮೆ ಇಟ್ಟು ನೋಡಿ. ಕೊಕ್ಕೆ ತೀರಾ ಬಿಗಿಯಾದರೆ ಇಕ್ಕಳದಲ್ಲಿ ಸ್ವಲ್ಪ ತಗ್ಗಿಸಿ, ಸಡಿಲವಾದರೆ ತೆರೆಯಿರಿ. ಕೈಯಲ್ಲಿ ತಳ್ಳಿದಾಗ ಅರ್ಧ ಹೋಗಿ, ಮರದ ತುಂಡಿಟ್ಟು ಸುತ್ತಿಗೆಯಿಂದ ತಟ್ಟಿದಾಗ ಪೂರ್ತಿ ಹೋಗುವ ಬಿಗಿ ಸರಿಯಾದದ್ದು.

ನೀರು ಹರಿದು ಹೋಗುವ ಕಡೆಯ ತುದಿಯಿಂದ ಶುರು ಮಾಡಿ, ಮೇಲಿನ ತುಂಡು ಕೆಳಗಿನ ತುಂಡನ್ನು ಮುಚ್ಚುವ ಹಾಗೆ. ಸಮತಟ್ಟಾಗಿದ್ದರೆ ಮಳೆಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೆ ಜೋಡಣೆಯ ಬಾಯಿ ತೆರೆಯಬಾರದು. ತುಂಡಿನ ಮೇಲೆ ತುಂಡು 75ರಿಂದ 100 ಮಿ.ಮೀ. ಹತ್ತಲಿ. ಒಳಗೆ ಹೋಗುವ ತುದಿಯ ಒಳಮಡಿಕೆಯನ್ನು ಅಷ್ಟು ಉದ್ದಕ್ಕೆ ಕತ್ತರಿಸಿ ತೆಗೆದರೆ ಒಂದರೊಳಗೊಂದು ನುಣ್ಣಗೆ ಜಾರುತ್ತದೆ. ಅಲ್ಲಿ ರಿವೆಟ್ ಬೇಡ. ಜಾರಲಿ ಎಂದೇ ಆ ಜೋಡಣೆ ಇರುವುದು.

ಬೆಣೆ ಹೊಡೆಯುವುದು ಪ್ರತಿ 300ರಿಂದ 450 ಮಿ.ಮೀ.ಗೊಂದು. 25 ಮಿ.ಮೀ. ಅಗಲದ ಸೀಸದ ಪಟ್ಟಿಯನ್ನು ಮಡಚಿ ಮಡಚಿ ದಪ್ಪ ಮಾಡಿ ಸಂದಿಗೆ ಬಡಿಯುವುದು ಹಳೆಯ ಪದ್ಧತಿ. ಅಲ್ಯೂಮಿನಿಯಂ ತಗಡಾದರೆ ಸೀಸ ಬೇಡ, ಅದೇ ತಗಡಿನ ಚೂರುಗಳನ್ನೇ ಮಡಚಿ ಬೆಣೆ ಮಾಡಿ. ಬೆಣೆ ಇಟ್ಟಿಗೆಯ ಮೈಗಿಂತ ಹತ್ತು ಮಿ.ಮೀ. ಒಳಗೆ ನಿಲ್ಲಬೇಕು, ಇಲ್ಲದಿದ್ದರೆ ಸೀಲೆಂಟಿಗೆ ಜಾಗ ಇರುವುದಿಲ್ಲ. ಬಿಗಿ ಮಾಡುವ ಹುಮ್ಮಸ್ಸಿನಲ್ಲಿ ಮೇಲಿನ ಇಟ್ಟಿಗೆ ಎದ್ದುಬರುವಷ್ಟು ಬಡಿಯಬೇಡಿ. ಬೆಣೆ ಕೂತಾಗ ಸುತ್ತಿಗೆಯ ದನಿ ಬದಲಾಗುತ್ತದೆ, ಟಕ್ ಟಕ್ ಹೋಗಿ ಟಣ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ.

ಮೂಲೆಗಳು. ಸೋರಿಕೆ ಮೂಲೆಯಲ್ಲೇ ಹುಟ್ಟುತ್ತದೆ, ಆದ್ದರಿಂದ ಮೂಲೆಯ ತುಂಡನ್ನು ಬೇರೆಯಾಗಿಯೇ ಮಾಡಿ. ಎರಡೂ ಕಡೆಗೆ 150–300 ಮಿ.ಮೀ. ತೋಳು ಇರುವ ಚಿಕ್ಕ ತುಂಡು. ಮೊದಲು ಮೂಲೆ ಕೂರಿಸಿ, ಆಮೇಲೆ ಉದ್ದದ ತುಂಡುಗಳು ಅದರ ಮೇಲೆ ಬರಲಿ. ಜಿಐ, ತಾಮ್ರವಾದರೆ ಮೂಲೆಯನ್ನು ಬೆಸುಗೆ ಹಾಕಬಹುದು. ಅಲ್ಯೂಮಿನಿಯಂಗೆ ಸಾದಾ ಬೆಸುಗೆ ಹತ್ತುವುದಿಲ್ಲ, ಸೀಲೆಂಟ್ ಹಚ್ಚಿ ರಿವೆಟ್ ಹೊಡೆಯಬೇಕು. 3 ಮೀಟರ್ ತುಂಡನ್ನೇ ಮೂಲೆಗೆ ಮಡಚಿ ಸುತ್ತಿಸುವ ಉಪಾಯ ನೋಡಲು ಚಂದ. ಆದರೆ ಎರಡು ಕಡೆಯ ಹಿಗ್ಗುವಿಕೆಯೂ ಆ ಮೂಲೆಯ ಮೇಲೆಯೇ ಬಂದು ಬೀಳುತ್ತದೆ.

ಸೀಲೆಂಟ್, ಈಗ

ಟ್ಯೂಬಿನ ಸರದಿ ಕೊನೆಗೆ. ಪಾಲಿಯುರೆಥೇನ್ ಅಥವಾ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ತನ್ನಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ಸತುವಿನ ಲೇಪವನ್ನು ತಿನ್ನುತ್ತದೆ, ಗಾರೆಗೂ ಒಗ್ಗುವುದಿಲ್ಲ. ಸಂದು ಆಳವಾಗಿ ಉಳಿದಿರುವ ಕಡೆ ಮೊದಲು ಫೋಮ್ ಹಗ್ಗ ತುರುಕಿ, ಅದರ ಮೇಲೆ ಸೀಲೆಂಟ್. ಸೀಲೆಂಟ್ ಮೇಲಿನ ಇಟ್ಟಿಗೆಗೂ ಕೆಳಗಿನ ತಗಡಿಗೂ ಅಂಟಬೇಕು, ಹಿಂದಿನ ಗೋಡೆಗೆ ಅಂಟಬಾರದು. ಮೂರು ಕಡೆ ಅಂಟಿದರೆ ಎಳೆಯಲು ಜಾಗವಿಲ್ಲದೆ ನಡುವೆ ಹರಿಯುತ್ತದೆ. ಅಗಲದ ಅರ್ಧದಷ್ಟು ದಪ್ಪ ಇದ್ದರೆ ಸಾಕು. ಮೇಲ್ಮೈಯನ್ನು ಹೊರಕ್ಕೆ ಇಳಿಜಾರಾಗಿ ಸವರಿ, ನೀರು ನಿಲ್ಲುವ ಮೆಟ್ಟಿಲು ಆಗದಂತೆ.

ಗಾರೆಯಲ್ಲೇ ತುಂಬಬಹುದಲ್ಲ ಎಂದು ಕೇಳುವವರಿದ್ದಾರೆ. ತುಂಬಬಹುದು. ತಗಡು ಹಿಗ್ಗಿ ಕುಗ್ಗಿದಾಗ ಗಾರೆ ಬಿರಿಯುತ್ತದೆ, ಚೂರು ಚೂರಾಗಿ ಚಾವಣಿ ಮೇಲೆ ಬಿದ್ದಿರುವುದನ್ನು ಗುಡಿಸಬೇಕಾಗುತ್ತದೆ. ಸುಣ್ಣದ ಗಾರೆಯ ಹಳೇ ಕಟ್ಟಡದಲ್ಲಿ ನೋಟ ಕೆಡಬಾರದು ಎಂದಾದರೆ ಸೀಸದ ತಗಡಿನ ಜೊತೆ ಸುಣ್ಣದ ಗಾರೆ ತುಂಬಲು ನನ್ನ ಅಡ್ಡಿಯಿಲ್ಲ. ಉಳಿದೆಡೆ ಸೀಲೆಂಟೇ.

ಕೆಳಗಿನ ಅಂಚಿಗೆ ಮಾತ್ರ ಸೀಲೆಂಟ್ ಹಾಕಬೇಡಿ. ಮೇಲೆ ಹಾಕಿದ ಮೇಲೆ ಟ್ಯೂಬಿನಲ್ಲಿ ಉಳಿದದ್ದನ್ನು ಏನು ಮಾಡುವುದು ಎಂದು ಕೆಳಗೂ ಎಳೆಯುವ ಚಪಲ ಎಲ್ಲರಿಗೂ ಇದೆ. ಹಿಂದೆ ಹೋದ ನೀರು ಹೊರಬರಲು ಇರುವ ಬಾಗಿಲು ಅದೊಂದೇ. ಅದನ್ನು ಮುಚ್ಚಿದರೆ ನೀರು ಒಳಗೇ ನಿಂತು ಬೇಸ್ ಫ್ಲ್ಯಾಶಿಂಗಿನ ತಲೆಯ ಮೇಲಿಂದ ಹಾರುತ್ತದೆ.

ಇಳಿಜಾರು ಚಾವಣಿ, ಚಿಮಣಿ

ಇಳಿಜಾರಿನ ಬದಿಗೆ ಗೋಡೆ ಇದ್ದರೆ ಗಾರೆಸಂದು ಮಟ್ಟಸ, ಚಾವಣಿ ಓರೆ. ಎರಡಕ್ಕೂ ಹೊಂದಿಕೆ ಮೆಟ್ಟಿಲಿನಿಂದ. ಚಿಕ್ಕ ಚಿಕ್ಕ ತುಂಡುಗಳು, ಪ್ರತಿ ತುಂಡಿನ ಕಾಲೂ ತನ್ನ ವರಸೆಯ ಅಡ್ಡಸಂದಿನೊಳಗೆ. ಕೆಳಗಿನಿಂದ ಶುರುವಾಗಿ ಮೀನಿನ ಹುರುಪೆಯಂತೆ ಒಂದರ ಮೇಲೊಂದು, ಕನಿಷ್ಠ 75 ಮಿ.ಮೀ. ಹತ್ತಿಕೊಂಡು. ಚಾವಣಿಗೆ ಸಮಾಂತರವಾಗಿ ಓರೆಯಾಗಿ ಒಂದೇ ಉದ್ದ ಗೆರೆ ಕೊರೆದು ಮುಗಿಸಿಬಿಡೋಣ ಎಂದು ಅನ್ನಿಸುತ್ತದೆ, ಅರ್ಧ ದಿನದ ಕೆಲಸ ಉಳಿಯುತ್ತದೆ ಕೂಡ. ಹಾಗೆ ಮಾಡಿದರೆ ಪ್ರತಿ ವರಸೆಯ ಇಟ್ಟಿಗೆಯೂ ಕೊಯ್ದುಹೋಗುತ್ತದೆ, ಕೊಯ್ದ ಇಟ್ಟಿಗೆ ಹೀರಿದ ನೀರು ಆ ಓರೆ ಗೆರೆಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಕಾಡುಗಲ್ಲಿನ ಗೋಡೆಯಲ್ಲಿ ಮಟ್ಟಸ ಸಂದೇ ಇಲ್ಲದಿದ್ದಾಗ ಬೇರೆ ದಾರಿಯಿಲ್ಲ, ಓರೆ ಗೆರೆ ಅಲ್ಲಿಗೆ ಮಾತ್ರ.

ಸೂರಿನ ತುದಿ ಗೋಡೆಯ ನಡುವೆಯೇ ಮುಗಿದರೆ ಅಲ್ಲೊಂದು ಹೊರಕ್ಕೆ ಬಾಗಿದ ತುಂಡು ಇಡಿ. ಬದಿಯುದ್ದಕ್ಕೂ ಹರಿದು ಬಂದ ನೀರೆಲ್ಲ ಗೋಡೆಗೆ ಬಡಿಯದೆ ದೋಣಿಗೆ ಬೀಳಬೇಕು.

ಚಿಮಣಿಗೆ ಇಳಿಜಾರಿನ ಕೆಳಬದಿಯ ತಗಡು ಮೊದಲು, ಆಮೇಲೆ ಎರಡು ಪಕ್ಕ, ಮೇಲ್ಬದಿ ಕೊನೆಗೆ. ಚಿಮಣಿಯ ಅಗಲ 75 ಸೆಂ.ಮೀ. ದಾಟಿದರೆ ಮೇಲ್ಬದಿಯಲ್ಲಿ ನೀರು, ತರಗೆಲೆ ನಿಲ್ಲದಂತೆ ಎರಡೂ ಕಡೆಗೆ ಇಳಿಯುವ ಒಂದು ಪುಟ್ಟ ದಿಬ್ಬ ಕಟ್ಟಿಕೊಳ್ಳಿ.

ಗೋಡೆ ಕೊರೆಯಲು ಸಾಧ್ಯವೇ ಇಲ್ಲದ ಕಡೆ, ಉದಾಹರಣೆಗೆ ಕಂಬಿ ಮೇಲೆಯೇ ಇರುವ ಕಾಂಕ್ರೀಟಿನಲ್ಲಿ, ಗೋಡೆಯ ಮೈಗೆ ಬೋಲ್ಟ್ ಮಾಡುವ ಪಟ್ಟಿ ಸಿಗುತ್ತದೆ. 200–300 ಮಿ.ಮೀ.ಗೊಂದು ಆ್ಯಂಕರ್, ಮೇಲ್ತುಟಿಗೆ ಸೀಲೆಂಟ್. ಅಲ್ಲಿ ನೀವು ಪೂರ್ತಿ ಅಂಟನ್ನೇ ನಂಬಿರುತ್ತೀರಿ, ಹಾಗಾಗಿ ಪ್ರತಿ ಮಳೆಗಾಲದ ಮೊದಲು ಹತ್ತಿ ನೋಡುವ ಕೆಲಸ ನಿಮ್ಮ ತಲೆಗೆ ಅಂಟಿಕೊಳ್ಳುತ್ತದೆ.

ಮುಗಿದ ಮೇಲೆ

ಚಾವಣಿಯನ್ನು ಗುಡಿಸಿ, ಉಕ್ಕಿನ ತಗಡು ಬಳಸಿದ್ದರೆ ಒಂದು ಅಯಸ್ಕಾಂತ ಆಡಿಸಿ. ಕತ್ತರಿಸಿದ ಚೂರುಗಳು ಒಂದೇ ಮಳೆಗೆ ತುಕ್ಕಿನ ಕಲೆ ಬಿಡುತ್ತವೆ. ಸೀಲೆಂಟ್ ಗಟ್ಟಿಯಾಗಲು ಟ್ಯೂಬಿನ ಮೇಲೆ ಹೇಳಿದಷ್ಟು ಸಮಯ ಕೊಟ್ಟು, ಅದೇ ಪೈಪಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಮತ್ತೆ ಕೆಳಗಿನಿಂದ ಮೇಲಕ್ಕೆ. ಈ ಸಲ ಒಳಗೆ ನೋಡುವುದಷ್ಟೇ ಅಲ್ಲ, ಕೌಂಟರ್ ಫ್ಲ್ಯಾಶಿಂಗಿನ ಕೆಳ ಅಂಚಿಗೆ ಕಣ್ಣಿಡಿ. ಹನಿಗಳು ಅಂಚಿನಿಂದ ನೇರ ಕಳಚಿ ಬೀಳುತ್ತಿದ್ದರೆ ಸರಿ. ಅಂಚಿನ ಹಿಂದಕ್ಕೆ ಹರಿದು ಬೇಸ್ ಫ್ಲ್ಯಾಶಿಂಗಿನ ಮೇಲೆ ಒಂದು ತೆಳುಗೆರೆಯಾಗಿ ಇಳಿಯುತ್ತಿದ್ದರೆ, ಅಲ್ಲಿ ತುದಿಯನ್ನು ಇಕ್ಕಳದಿಂದ ಇನ್ನು ಚೂರು ಹೊರಕ್ಕೆ ಎಳೆಯಿರಿ.

ಮೊದಲ ಬೇಸಿಗೆ ಕಳೆದ ಮೇಲೆ ಒಮ್ಮೆ ಹತ್ತಿ. ಹೆಬ್ಬೆರಳಲ್ಲಿ ಸೀಲೆಂಟಿನ ಮೇಲಂಚನ್ನು ಒತ್ತುತ್ತ ಉದ್ದಕ್ಕೆ ನಡೆಯಿರಿ. ಎಲ್ಲಿ ಇಟ್ಟಿಗೆಯಿಂದ ಬಿಟ್ಟಿದೆಯೋ ಅಲ್ಲಿ ಅದು ಒಳಕ್ಕೆ ಜಗ್ಗುತ್ತದೆ. ಅಷ್ಟು ಜಾಗವನ್ನು ಕೆರೆದು ತೆಗೆದು ಹೊಸದು ಹಾಕಿದರೆ ಸಾಕು. ಅಲ್ಲಿಯ ತನಕ ನೀರನ್ನು ಕೊಕ್ಕೆ ಹಿಡಿದುಕೊಂಡಿರುತ್ತದೆ.